ಇಂಗ್ಲಿಷ್ ಪದ್ಯಪಾಠವೂ ಕನ್ನಡದ ಮನೆಯೂ

ಕನ್ನಡದ ನಾಲ್ಕು ಮನೆಯವರು ಒಂದೆಡೆ ಸೇರಿದರೆ ಮಕ್ಕಳ ಓದಿನ ಮಾತು ಬಾರದೆ ಹೋಗದು. ಆ ಮಾತಿನ ನಡುವೆ ತಾಯಂದಿರು ಹೇಳುವ ಒಂದು ಸಂಗತಿಯನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ನಾಳೆ ಮಗಳ ತರಗತಿಯಲ್ಲಿ ಇಂಗ್ಲಿಷ್ ಪದ್ಯದ ಮೇಲೆ ಚರ್ಚೆಯಂತೆ. ಪದ್ಯವನ್ನು ಓದಿಕೊಂಡು, ಏನು ಹೇಳಬೇಕೆಂದು ಸಿದ್ಧವಾಗಿ ಹೋಗಬೇಕಂತೆ. ನಾವು ಊರಿನಲ್ಲಿ ಕನ್ನಡ ಶಾಲೆಯಲ್ಲಿ ಓದಿದವರು, ನಮಗೇನು ತಿಳಿಯುತ್ತದೆ, ಟ್ಯೂಷನ್ನಿನವರೇ ನೋಡಿಕೊಳ್ಳಬೇಕು. ಹೀಗೆ ಹೇಳಿ ಅವರು ಒಳಗೆ ಹೋಗಿಬಿಡುತ್ತಾರೆ. ಹುಡುಗಿ ಗೈಡಿನಲ್ಲಿರುವ ಸಾರಾಂಶವನ್ನು ಬಾಯಿಪಾಠ ಮಾಡುತ್ತಾಳೆ. ಅಲ್ಲಿಗೆ ಪದ್ಯದ ಕಥೆ ಮುಗಿಯಿತು.

ಕಾಮೋಠೆ ಹೊಸ ಊರು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಸಂಸ್ಥೆಯ ಯೋಜನೆಯಂತೆ ಬೆಳೆದ ನವಿ ಮುಂಬಯಿಯ ಬಡಾವಣೆಗಳಲ್ಲಿ ಇದೂ ಒಂದು. ಸಾಯನ್-ಪನವೇಲ್ ಹೆದ್ದಾರಿಯ ಮಗ್ಗುಲಲ್ಲಿ, ಮಾನಸರೋವರ ನಿಲ್ದಾಣದ ಬದಿಯಲ್ಲಿ ಎದ್ದುನಿಂತ ಈ ಕಟ್ಟಡಗಳೊಳಗೆ ಉಡುಪಿ ಮಂಗಳೂರಿನವರೂ ಇದ್ದೇವೆ, ವಿಜಯಪುರ ಕಲಬುರ್ಗಿ ಬೆಳಗಾವಿಯವರೂ ಇದ್ದೇವೆ. ನಮ್ಮ ಮಕ್ಕಳು ಓದುವುದು ಹೆಚ್ಚಾಗಿ ಇಂಗ್ಲಿಷ್ ಮಾಧ್ಯಮದಲ್ಲಿ. ಜೊತೆಗೆ ಮರಾಠಿ, ಹಿಂದಿ. ಕನ್ನಡವೆಂಬುದು ಅಡಿಗೆಮನೆಯ ಮಾತು, ಊರಿಗೆ ಫೋನು ಮಾಡುವಾಗಿನ ಮಾತು. ಇಂಗ್ಲಿಷ್ ಪದ್ಯಕ್ಕೂ ಆ ಮಾತಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅದು ತಪ್ಪಾದ ಪ್ರಶ್ನೆಯೇನೂ ಅಲ್ಲ. ಸಂಬಂಧವಿದೆ, ಅದು ನೂರು ವರ್ಷಕ್ಕೂ ಹಳೆಯದು, ಮತ್ತು ಈಗಿನ ಕನ್ನಡ ಕಾವ್ಯ ಹುಟ್ಟಿದ್ದೇ ಆ ಸಂಬಂಧದಿಂದ ಎಂಬುದನ್ನು ಹೇಳಲು ಈ ಲೇಖನ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೆಕಾಲೆಯ ಟಿಪ್ಪಣಿ 1835ರದು; ವುಡ್‌ನ ಶಿಕ್ಷಣ ಆಜ್ಞಾಪತ್ರ 1854ರದು. 1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸು, ಈ ಮೂರು ವಿಶ್ವವಿದ್ಯಾನಿಲಯಗಳು ಹುಟ್ಟಿದುವು. ಕನ್ನಡನಾಡು ಆಗ ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ಕಾರವಾರದ ಹುಡುಗ ಮುಂಬಯಿಯ ಮೆಟ್ರಿಕ್ ಪರೀಕ್ಷೆಗೆ ಕುಳಿತರೆ ಮಂಗಳೂರು, ಬಳ್ಳಾರಿಯ ಹುಡುಗ ಮದರಾಸಿನದಕ್ಕೆ ಕುಳಿತನು. ಮೈಸೂರು ಸಂಸ್ಥಾನದವರೂ 1916ರಲ್ಲಿ ಸ್ವಂತ ವಿಶ್ವವಿದ್ಯಾನಿಲಯ ಬರುವವರೆಗೆ ಮದರಾಸಿನ ಆಶ್ರಯದಲ್ಲಿಯೇ ಇದ್ದರು. ಇಷ್ಟು ಬೇರೆಬೇರೆಯಾಗಿದ್ದ ಕನ್ನಡದ ಹುಡುಗರನ್ನು ಒಂದುಗೂಡಿಸಿದ ಸಂಗತಿಯೊಂದಿತ್ತೆಂದರೆ ಅದು, ಹೇಳಿದರೆ ನಗು ಬರಬಹುದು, ಇಂಗ್ಲಿಷ್ ಪದ್ಯದ ಪುಸ್ತಕ. ಪಾಲ್‌ಗ್ರೇವ್ ಎಂಬಾತ 1861ರಲ್ಲಿ ಸಂಕಲಿಸಿದ 'ಗೋಲ್ಡನ್ ಟ್ರೆಷರಿ' ಆ ಕಾಲದ ಶಾಲೆ ಕಾಲೇಜುಗಳಲ್ಲಿ ಕೈಯಿಂದ ಕೈಗೆ ಹೋದ ಗ್ರಂಥ. ವಿಚಿತ್ರವೆಂದರೆ ಇಂಗ್ಲೆಂಡಿನ ದೊಡ್ಡ ಶಾಲೆಗಳ ಹುಡುಗರು ಆಗ ಮುಖ್ಯವಾಗಿ ಲ್ಯಾಟಿನ್, ಗ್ರೀಕ್ ಕಾವ್ಯಗಳನ್ನು ಉರುಹಚ್ಚುತ್ತಿದ್ದರು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆಂದೇ ಆನರ್ಸ್ ಪರೀಕ್ಷೆ ಏರ್ಪಟ್ಟುದು 1894ರಲ್ಲಿ, ಕೇಂಬ್ರಿಜ್ಜಿನಲ್ಲಿ 1917ರಲ್ಲಿ. ಇಂಗ್ಲಿಷರು ತಮ್ಮ ಕವಿಗಳನ್ನು ಪರೀಕ್ಷೆಗೆ ಓದಲು ಕಲಿಯುವ ಮೊದಲೇ ನಮ್ಮವರು ಓದಿ, ಬರೆದು, ಪಾಸಾಗಿ, ನಪಾಸಾಗಿ ಎಲ್ಲವೂ ಆಗಿತ್ತು.

ಹೇಗೆ ಓದುತ್ತಿದ್ದರು? ಮೇಷ್ಟರಿಗೆ ತಿಳಿದಿದ್ದ ದಾರಿ ಒಂದೇ, ನಮ್ಮ ಹಳೆಯ ಕಾವ್ಯಪಾಠದ ದಾರಿ. ಜೈಮಿನಿ ಭಾರತವನ್ನು ಹೇಳಿಕೊಡುವಾಗ ಮೊದಲು ಪದ್ಯವನ್ನು ರಾಗವಾಗಿ ಓದುವುದು, ಬಳಿಕ ಪದಚ್ಛೇದ, ಅನ್ವಯ, ಪ್ರತಿಪದಾರ್ಥ, ಕೊನೆಗೆ ತಾತ್ಪರ್ಯ. ಇಂಗ್ಲಿಷ್ ಪದ್ಯಕ್ಕೂ ಇದೇ ಸಂಸ್ಕಾರ ನಡೆಯಿತು. ಹಿಂದುಮುಂದಾಗಿರುವ ಮಾತುಗಳನ್ನು ಗದ್ಯದ ಕ್ರಮಕ್ಕೆ ತರಬೇಕು, ಯಾವ ಕ್ರಿಯಾಪದಕ್ಕೆ ಯಾವುದು ಕರ್ತೃ ಎಂದು ಹಿಡಿಯಬೇಕು, ಕಡೆಯಲ್ಲಿ "ಇದರ ಭಾವವೇನಪ್ಪಾ?" ಎಂಬ ಪ್ರಶ್ನೆ ಕನ್ನಡದಲ್ಲಿಯೇ ಬೀಳುತ್ತಿತ್ತು. ಹೊಸ ಕಾಲದ ಶಿಕ್ಷಣತಜ್ಞರು ಇದನ್ನು ಕಂಡು ಮೂಗುಮುರಿಯಬಹುದು. ನಮಗೇನೋ ಅದರಲ್ಲಿ ಒಂದು ಒಳ್ಳೆಯ ಗುಣ ಕಾಣುತ್ತದೆ. ಅನ್ವಯ ಮಾಡುವವನು ಒಂದು ಶಬ್ದವನ್ನೂ ಹಾರಿಸಿ ಹೋಗುವಂತಿಲ್ಲ. ಇಂದಿನ ಗೈಡಿನಲ್ಲಿ ಹಾರಿಸಿ ಹೋಗುವುದೇ ವಿದ್ಯೆ.

ಆದರೂ ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸುವ ಅಗತ್ಯವಿಲ್ಲ. ನೋಟ್ಸನ್ನು ಗಿಳಿಪಾಠ ಮಾಡಿ ಗುಮಾಸ್ತೆಗಿರಿ ಹಿಡಿದವರೇ ಹೆಚ್ಚು. ಕಾಣದ ಹೂವಿನ ಮೇಲೆ, ಕೇಳದ ಹಕ್ಕಿಯ ಮೇಲೆ, ಬೀಳದ ಹಿಮದ ಮೇಲೆ ಪ್ರಬಂಧ ಬರೆದು ಜೀವನವಿಡೀ ಆ ಪದ್ಯವನ್ನು ತಿರುಗಿ ನೋಡದವರು ಅಸಂಖ್ಯ. ಓದಿದ ಗಂಡಸು ಇಂಗ್ಲಿಷಿನಲ್ಲಿ ಭಾವಿಸತೊಡಗಿ, ಮನೆಯ ಹೆಂಗಸರಿಗೆ ಹೇಳಲು ಅವನ ಬಳಿ ಮಾತೇ ಇಲ್ಲದಂತಾದುದೂ ನಿಜ. ಈ ಬಿರುಕನ್ನು ಕಂಡು ಮನಸ್ಸಿಗೆ ಹಚ್ಚಿಕೊಂಡವರಲ್ಲಿ ಒಬ್ಬರು ಇಂಗ್ಲಿಷ್ ಅಧ್ಯಾಪಕರೇ ಆಗಿದ್ದುದು ಕನ್ನಡದ ಭಾಗ್ಯ.

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು, ಎಲ್ಲರ ಬಿ.ಎಂ.ಶ್ರೀ., ಹುಟ್ಟಿದ್ದು 1884ರಲ್ಲಿ, ತುಮಕೂರು ಸೀಮೆಯ ಸಂಪಿಗೆಯಲ್ಲಿ. 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಬಂದರು. ಎರಡು ವರ್ಷದ ಬಳಿಕ, 1911ರಲ್ಲಿ, ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಉಪನ್ಯಾಸವನ್ನು ಮಾಡಿದರು. ಇಂಗ್ಲಿಷ್ ಮೇಷ್ಟರು, ಮೈಸೂರಿನವರು, ಮುಂಬಯಿ ಪ್ರಾಂತದ ಧಾರವಾಡಕ್ಕೆ ಹೋಗಿ ಕನ್ನಡದ ಏಳಿಗೆಯ ವಿಚಾರ ಹೇಳಿದರು ಎಂಬುದನ್ನು ರಾಜ್ಯೋತ್ಸವದ ಈ ಹೊತ್ತಿನಲ್ಲಿ ನೆನೆಯುವುದು ಯುಕ್ತ. ನಾಡು ಒಂದಾದುದು ಅಲ್ಲಿಂದ ನಲವತ್ತೈದು ವರ್ಷದ ಮೇಲೆ.

ತರಗತಿಯಲ್ಲಿ ತಾವು ಹೇಳಿಕೊಡುತ್ತಿದ್ದಂತಹ ಪದ್ಯಗಳನ್ನೇ ಅವರು ಕನ್ನಡಕ್ಕೆ ತಂದರು. 1926ರಲ್ಲಿ 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂದಿತು. ಹೆಸರು ನೋಡಿದರೆ ಭಾಷಾಂತರದ ಪುಸ್ತಕ, ಆದರೆ ಹೊಸಗನ್ನಡ ಕವಿತೆಯ ಮೊದಲ ಪುಟ ಎಂದು ಬಲ್ಲವರು ಅದನ್ನೇ ತೋರಿಸುತ್ತಾರೆ. ಅವರಿಗಿಂತ ಮೊದಲು ಯಾರೂ ಈ ಕೆಲಸ ಮಾಡಿರಲಿಲ್ಲ ಎಂದಲ್ಲ. ಹಟ್ಟಿಯಂಗಡಿ ನಾರಾಯಣರಾಯರ 'ಆಂಗ್ಲ ಕವಿತಾವಳಿ' 1919ರಲ್ಲಿಯೇ ಹೊರಬಂದಿತ್ತು. ಕರಾವಳಿಯಲ್ಲಿ ಪಂಜೆ ಮಂಗೇಶರಾಯರು, ಶಾಲಾ ಮಾಸ್ತರರಾಗಿ, ಶಾಲಾ ಇನ್ಸ್ಪೆಕ್ಟರರಾಗಿ ಮಕ್ಕಳ ನಡುವೆ ಓಡಾಡಿ, ಮಕ್ಕಳು ಹಾಡುವಂತಹ ಕನ್ನಡ ಪದ್ಯವನ್ನು ಬರೆದಿದ್ದರು. ಮಂಜೇಶ್ವರದ ಗೋವಿಂದ ಪೈಗಳು 1911ರಷ್ಟು ಹಿಂದೆಯೇ ಆದಿಪ್ರಾಸವನ್ನು ಬಿಟ್ಟಿದ್ದರು. (ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕೆಂಬ ಹಳೆಯ ಕಟ್ಟಳೆ ಅದು, ಅದನ್ನು ಬಿಡುವುದೆಂದರೆ ಆ ದಿನಗಳಲ್ಲಿ ಜನಿವಾರ ಕಳಚಿದಷ್ಟು ದೊಡ್ಡ ಸಾಹಸ.) ಇದೇ ಗೋವಿಂದ ಪೈಗಳು ಮುಂದೆ 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ನಮ್ಮೂರಿಗೆ ಬಂದರು.

'ಇಂಗ್ಲಿಷ್ ಗೀತಗಳು' ಮಾಡಿದ ಕೆಲಸ ಏನೆಂಬುದನ್ನು ಒಂದು ಪದ್ಯದಿಂದ ತಿಳಿಯಬಹುದು. ಊರಿನ ಕನ್ನಡ ಶಾಲೆಯಲ್ಲಿ ಓದಿದ ನಮ್ಮ ವಯಸ್ಸಿನವರಿಗೆ 'ಕಾರಿಹೆಗ್ಗಡೆಯ ಮಗಳು' ಗೊತ್ತಿಲ್ಲದಿರುವುದಿಲ್ಲ. ಅದು ಥಾಮಸ್ ಕ್ಯಾಂಬೆಲ್ 1809ರಲ್ಲಿ ಪ್ರಕಟಿಸಿದ 'ಲಾರ್ಡ್ ಅಲಿನ್ಸ್ ಡಾಟರ್' ಎಂಬ ಸ್ಕಾಟ್ಲೆಂಡಿನ ಕಥನಗೀತ. ತಂದೆಯ ಮನಸ್ಸಿಗೆ ವಿರುದ್ಧವಾಗಿ ಪ್ರಿಯನೊಡನೆ ಓಡಿಬಂದ ಹುಡುಗಿ. ಬೆನ್ನಟ್ಟಿ ಬರುವ ತಂದೆಯ ಸವಾರರು. ದಾಟಬೇಕಾದ ನೀರು, ಅದರ ಮೇಲೆ ಬಿರುಗಾಳಿ. ದೋಣಿಯವನಿಗೆ ಹಣದ ಆಸೆ ತೋರಿಸುತ್ತಾರೆ. ಅವನು, ಹಣಕ್ಕಾಗಿ ಅಲ್ಲ, ಈ ಹುಡುಗಿಯ ಮುಖ ನೋಡಿ ಬರುತ್ತೇನೆ ಎನ್ನುತ್ತಾನೆ. ದೋಣಿ ನಡುನೀರಿಗೆ ಹೋದಾಗ ತಂದೆ ದಡಕ್ಕೆ ಬಂದು, ಕ್ಷಮಿಸಿದೆ, ಹಿಂದಿರುಗು ಎಂದು ಕೂಗುತ್ತಾನೆ. ಆಗ ಹಿಂದಿರುಗುವಂತಿಲ್ಲ.

ಶ್ರೀಯವರು ಇದನ್ನು ಏನು ಮಾಡಿದರು ನೋಡಿ. ಸ್ಕಾಟ್ಲೆಂಡಿನ ಬೆಟ್ಟದ ನಾಯಕ ಅವರ ಕೈಯಲ್ಲಿ ಗೌಡನಾದ, ಲಾರ್ಡ್ ಅಲಿನ್ ಹೆಗ್ಗಡೆಯಾದ, ದೋಣಿಯವನು ತೊರೆಯನಾದ. ಹೆಸರು ಬದಲಿಸುವುದು ಸುಲಭ, ಯಾರಾದರೂ ಮಾಡಬಹುದು. ಅವರು ನಡಿಗೆಯನ್ನೂ ಬದಲಿಸಿದರು. ಪದ್ಯವನ್ನು ಬಾಯಿಬಿಟ್ಟು ಹೇಳಿ ಬೆರಳಿನಲ್ಲಿ ಎಣಿಸಿದರೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಹೀಗೆ ಸಾಗುತ್ತದೆ. ಇದು ಎಲ್ಲಿಯದು? ಭಾಮಿನಿ ಷಟ್ಪದಿಯದು, ಹದಿನೈದನೆಯ ಶತಮಾನದ ಗದುಗಿನ ಕುಮಾರವ್ಯಾಸ ಮಹಾಭಾರತವನ್ನು ಹೇಳಿದ ಗತಿ. ಊರ ಗುಡಿಯ ಜಗಲಿಯಲ್ಲಿ ಗಮಕಿಗಳು ಓದುವುದನ್ನು ಕೇಳಿ ಅಕ್ಷರ ಬಾರದವರ ಕಿವಿಗೂ ಹತ್ತಿದ್ದ ಗತಿ. ಸ್ಕಾಟ್ಲೆಂಡಿನ ಹುಡುಗಿಯ ದುಃಖವನ್ನು ಕುಮಾರವ್ಯಾಸನ ದೋಣಿಯಲ್ಲಿ ಕೂರಿಸಿದರು ಎಂದರೆ ಅತಿಶಯೋಕ್ತಿಯಾಗದು. ಪ್ರಾಸದ ಹಳೆಯ ಕಟ್ಟನ್ನು ಸಡಿಲಿಸಿದರು, ಷಟ್ಪದಿಯ ಆರು ಸಾಲಿನ ಚೌಕಟ್ಟನ್ನು ಬಿಚ್ಚಿದರು, ಆದರೆ ಕಿವಿಯ ಅಭ್ಯಾಸವನ್ನು ಬಿಡಲಿಲ್ಲ. ಆದುದರಿಂದಲೇ ಇದು ಮೂಲದಲ್ಲಿ ಇಂಗ್ಲಿಷ್ ಪದ್ಯವೆಂಬುದು ಎಷ್ಟೋ ಮಂದಿ ಕನ್ನಡ ಮಕ್ಕಳಿಗೆ ತಿಳಿಯಲೇ ಇಲ್ಲ.

ಇನ್ನೊಂದು ಉದಾಹರಣೆ ಸಾಕು. ಅದೇ ಪುಸ್ತಕದ 'ಪ್ರಾರ್ಥನೆ'. ಜಾನ್ ಹೆನ್ರಿ ನ್ಯೂಮನ್ 1833ರ ಜೂನಿನಲ್ಲಿ ಕಾಯಿಲೆಯಿಂದೆದ್ದು ಇಟಲಿಯ ಕಡೆಯಿಂದ ಹಡಗಿನಲ್ಲಿ ಹಿಂದಿರುಗುತ್ತಿದ್ದಾಗ ಗಾಳಿ ಬೀಳದೆ ಹಡಗು ನಡುಗಡಲಲ್ಲಿ ನಿಂತಿತು. ಆಗ ಬರೆದ ಸ್ತೋತ್ರ ಅದು. ಕ್ರೈಸ್ತ ಪಾದ್ರಿಯೊಬ್ಬರ ಹಾಡು ಕನ್ನಡಕ್ಕೆ ಬಂದ ಬಳಿಕ ಎಲ್ಲ ಮತದ ಮನೆಗಳಲ್ಲಿ, ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ, ಸಂಗೀತದ ಕಚೇರಿಯಲ್ಲಿ ನೆಲಸಿತು. ಮನೆಯಿಂದ ದೂರದಲ್ಲಿದ್ದೇನೆ, ಕತ್ತಲೆಯಾಗಿದೆ, ಕೈಹಿಡಿದು ನಡೆಸು ಎಂಬ ಅದರ ಭಾವ ಹಳ್ಳಿ ಬಿಟ್ಟು ಮುಂಬಯಿಯ ರೈಲು ಹತ್ತಿದವರಿಗೆ ಅರ್ಥವಾಗಲು ವ್ಯಾಖ್ಯಾನ ಬೇಕಾಗಿರಲಿಲ್ಲ.

ಪಾಠ ಹೇಳುವವರ ಕಥೆ ಇದಾದರೆ, ಪಾಠ ಕೇಳಿದ ಹುಡುಗನೊಬ್ಬನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದು ವೆಸ್ಲಿಯನ್ ಮಿಷನ್ ಹೈಸ್ಕೂಲು ಸೇರಿದ ಪುಟ್ಟಪ್ಪ ಇಂಗ್ಲಿಷ್ ಕವಿಗಳನ್ನು ಓದಿ ಓದಿ ತಾನೂ ಇಂಗ್ಲಿಷಿನಲ್ಲಿಯೇ ಕವಿತೆ ಕಟ್ಟತೊಡಗಿದನು. ಆ ಕವಿತೆಗಳು 'ಬಿಗಿನರ್ಸ್ ಮ್ಯೂಸ್' ಎಂಬ ಹೆಸರಿನಲ್ಲಿ 1922ರಲ್ಲಿ ಅಚ್ಚಾದುವು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಹುಡುಗ ತನ್ನ ಕವಿತೆಗಳನ್ನು ತೋರಿಸಿದನು. ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ, ನಿನ್ನ ಭಾಷೆಯಲ್ಲಿ ಬರೆ ಎಂಬುದು ಅವರು ಕೊಟ್ಟ ಬುದ್ಧಿವಾದದ ಸಾರ. ಹುಡುಗನಿಗೆ ಮೊದಲು ಅಸಮಾಧಾನವಾಯಿತಂತೆ, ಆಗಬೇಕಾದ್ದೇ. ಐರಿಷ್ ಜನ ತಮ್ಮ ನುಡಿಯನ್ನು ಬಹುಪಾಲು ಕಳೆದುಕೊಂಡು ಇಂಗ್ಲಿಷಿನಲ್ಲಿ ಹಾಡಬೇಕಾದವರು. ಕಳೆದುಕೊಂಡವರ ಬಾಯಿಂದ ಬಂದ ಮಾತಾದ್ದರಿಂದ ಅದಕ್ಕೊಂದು ತೂಕವಿತ್ತು ಎಂದು ನಮಗೆ ತೋರುತ್ತದೆ. ಕುವೆಂಪು ಕನ್ನಡದಲ್ಲಿ ಬರೆದರು, ಆದರೆ ಇಂಗ್ಲಿಷ್ ಪುಸ್ತಕವನ್ನು ಮುಚ್ಚಿಡಲಿಲ್ಲ. ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಹ್ಯಾಮೆಲಿನ್ ಪಟ್ಟಣದ ಕೊಳಲಿನವನ ಕಥೆಯನ್ನು ತುಂಗೆಯ ದಡದ ಬೊಮ್ಮನಹಳ್ಳಿಗೆ ತಂದು, ಕೊಳಲಿನವನನ್ನು ಕಿಂದರಿಜೋಗಿಯನ್ನಾಗಿ ಮಾಡಿದರು. ನಮ್ಮ ಮಕ್ಕಳ ಇಂಗ್ಲಿಷ್ ಪುಸ್ತಕಗಳಲ್ಲಿ ಇಲಿಗಳ ಈ ಕಥೆ ಒಂದಲ್ಲ ಒಂದು ತರಗತಿಯಲ್ಲಿ ಬರುವುದುಂಟು. ಅಮ್ಮನಿಗೆ ಅದರ ಕನ್ನಡ ರೂಪ ಬಾಯಿಪಾಠ ಬರುತ್ತದೆ ಎಂಬುದು ಮಾತ್ರ ಮಗುವಿಗೆ ತಿಳಿದಿರುವುದಿಲ್ಲ.

ಆಮೇಲಿನ ಹೆಸರುಗಳನ್ನು ಬೇಗ ಹೇಳಿ ಮುಗಿಸಬಹುದು. ವಿ.ಕೃ. ಗೋಕಾಕರು, ಗೋಪಾಲಕೃಷ್ಣ ಅಡಿಗರು, ಅನಂತಮೂರ್ತಿ, ಲಂಕೇಶ್, ಗುಜರಾತಿನ ಆಣಂದದ ಕಡೆ ನೆಲಸಿದ್ದು ಕನ್ನಡ ವಿಮರ್ಶೆ ಬರೆದ ಕೀರ್ತಿನಾಥ ಕುರ್ತಕೋಟಿ, ಇವರೆಲ್ಲ ಹೊಟ್ಟೆಪಾಡಿಗೆ ಮಾಡಿದ ಕೆಲಸ ಇಂಗ್ಲಿಷ್ ಪಾಠ ಹೇಳುವುದು.

ದೊಡ್ಡವರ ಮಾತಾಯಿತು. ನಮ್ಮಂತಹ ಸಾಮಾನ್ಯರು ಮುಂಬಯಿಯಲ್ಲಿ ಇಂಗ್ಲಿಷ್ ಪದ್ಯವನ್ನು ಹೇಗೆ ಓದಿದೆವು ಎಂಬುದನ್ನೂ ಹೇಳಬೇಕು. ಇತಿಹಾಸದ ಪುಸ್ತಕಗಳಲ್ಲಿ ಅದು ಬರುವುದಿಲ್ಲ. ಹಗಲು ಹೋಟೆಲಿನಲ್ಲಿ ಮೇಜು ಒರಸಿ, ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಗಳ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದ ಒಂದು ತಲೆಮಾರೇ ಈ ಶಹರಿನಲ್ಲಿದೆ. ಕೋಟೆ ಪ್ರದೇಶ, ಮಾಟುಂಗ, ವಡಾಲ, ಚೆಂಬೂರುಗಳಲ್ಲಿ ಕನ್ನಡಿಗರು ಚಂದಾ ಎತ್ತಿ ನಡೆಸಿದ ಶಾಲೆಗಳ ಉಪಕಾರ ಸಣ್ಣದಲ್ಲ. ಅಲ್ಲಿ ಇಂಗ್ಲಿಷ್ ಪದ್ಯವನ್ನು ಮೇಷ್ಟರು ಓದಿ, ಅರ್ಥವನ್ನು ಕನ್ನಡದಲ್ಲಿ ಬಿಡಿಸುತ್ತಿದ್ದರು, ಮಧ್ಯೆ ತುಳುವೂ ಬರುತ್ತಿತ್ತು. ಇಂಗ್ಲಿಷ್ ಮಾತಾಡಲು ನಾಲಗೆ ಏಳದ ಹುಡುಗರು ಪದ್ಯದ ನ್ಯಾಯಾನ್ಯಾಯವನ್ನು ಕುರಿತು ಕನ್ನಡದಲ್ಲಿ ಜಗಳವಾಡುವಷ್ಟು ವಾದಿಸಿ, ಬಳಿಕ ಅದನ್ನೇ ಮುರುಕು ಇಂಗ್ಲಿಷಿನಲ್ಲಿ ಉತ್ತರಪತ್ರಿಕೆಗೆ ಇಳಿಸುತ್ತಿದ್ದರು. ವ್ಯಾಕರಣಕ್ಕೆ ಅಂಕ ಹೋಗುತ್ತಿತ್ತು, ವಿಚಾರಕ್ಕೆ ಹೋಗುತ್ತಿರಲಿಲ್ಲ.

ಈ ವಾದಿಸುವ ಚಾಳಿ ಆ ಹುಡುಗರಿಗೆ ಎಲ್ಲಿಂದ ಬಂತೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಇತರರಿಗಾಗಿ ಹೇಳುತ್ತೇವೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಚೆಂಡೆ ಮದ್ದಳೆ ನಿಂತ ಮೇಲೆ ಅರ್ಥಧಾರಿ ಆ ಪದ್ಯದ ಅರ್ಥವನ್ನು ಪಾತ್ರದ ಬಾಯಲ್ಲಿ, ಸ್ವಂತ ಮಾತಿನಲ್ಲಿ, ಆ ಕ್ಷಣಕ್ಕೆ ಕಟ್ಟಿ ಹೇಳುತ್ತಾನೆ. ಎದುರಿನವನು ಅದನ್ನು ಖಂಡಿಸುತ್ತಾನೆ. ಮರದ ಮರೆಯಿಂದ ಬಾಣ ಬಿಟ್ಟುದು ಯಾವ ಧರ್ಮವೆಂದು ವಾಲಿ ಕೇಳಿದರೆ ರಾಮ ಉತ್ತರ ಹೇಳಲೇಬೇಕು, ಮತ್ತು ಆ ಉತ್ತರ ಅಚ್ಚಾದ ಪುಸ್ತಕದಲ್ಲಿ ಇರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಅದನ್ನು ಇಂದಿಗೂ ಹೇಳಿಕೊಳ್ಳುತ್ತಾರೆ. ಅರ್ಥಧಾರಿಯ ಸಿದ್ಧತೆ ಹೇಗೆ? ಪದ್ಯವನ್ನು ಬಾಯಿಗೆ ತಂದುಕೊಳ್ಳುತ್ತಾನೆ. ಅದರ ಹಿಂದುಮುಂದಿನ ಕಥೆಯನ್ನು ಪುರಾಣದಲ್ಲಿ ನೋಡಿಕೊಳ್ಳುತ್ತಾನೆ. ಎದುರಾಳಿ ಯಾವ ಶಬ್ದವನ್ನು ಹಿಡಿದು ತನ್ನನ್ನು ಕೆಡವಬಹುದೆಂದು ಯೋಚಿಸುತ್ತಾನೆ. ಭಾಷಣವನ್ನು ಮಾತ್ರ ಬರೆದುಕೊಳ್ಳುವುದಿಲ್ಲ, ಬರೆದುಕೊಂಡವನು ಮೊದಲ ಪ್ರಶ್ನೆಗೇ ತೊದಲುತ್ತಾನೆ. ಮಗಳ ಇಂಗ್ಲಿಷ್ ಶಿಕ್ಷಕಿ ತರಗತಿಯ ಚರ್ಚೆಗೆಂದು ಕೇಳುತ್ತಿರುವುದು ಇದಕ್ಕಿಂತ ಬೇರೆಯಲ್ಲ. ಪದ್ಯದ ಯಾವ ಮಾತಿನಿಂದ ಹಾಗೆ ಹೇಳುತ್ತೀ, ಇನ್ನೊಬ್ಬಳು ಅಲ್ಲವೆಂದರೆ ಏನೆನ್ನುವೆ, ಇಷ್ಟೇ.

ಮಹಾರಾಷ್ಟ್ರದ ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ಪದ್ಯದ ರಸಗ್ರಹಣವೆಂದು ಒಂದು ಪ್ರಶ್ನೆ ಕೇಳುವುದುಂಟು. ಪದ್ಯದ ಹೆಸರು, ಕವಿ, ಅಂತ್ಯಪ್ರಾಸದ ಕ್ರಮ, ಅಲಂಕಾರ, ವಸ್ತು, ಮೆಚ್ಚಿದ ಸಾಲು, ಹೀಗೆ ಅದರ ಅಂಗಗಳು. ಉಪಮೆ, ರೂಪಕಗಳ ಇಂಗ್ಲಿಷ್ ಹೆಸರನ್ನು ಉರುಹೊಡೆಯುವ ಮಗುವಿಗೆ "ಮುಖ ಚಂದ್ರನಂತಿದೆ ಅಂದರೆ ಉಪಮೆ, ಮುಖಚಂದ್ರ ಅಂದರೆ ರೂಪಕ" ಎಂದು ಹೇಳಬಲ್ಲ ಅಜ್ಜ ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುತ್ತಿರುತ್ತಾರೆ. ಅವರನ್ನು ಯಾರೂ ಕೇಳುವುದಿಲ್ಲ. ಕೇಳದೆ ಇದ್ದುದರಿಂದ ಮಗು ಇಂಗ್ಲಿಷ್ ಅಂಕ ಕಳೆದುಕೊಳ್ಳದಿರಬಹುದು, ಕಳೆದುಕೊಳ್ಳುವುದು ಅಜ್ಜನನ್ನು. ತನ್ನ ಮನೆಯ ಮಾತಿಗೆ ಪಾಠದ ವಿಚಾರ ಹೇಳುವ ಶಕ್ತಿಯಿಲ್ಲ ಎಂದು ಒಮ್ಮೆ ಮನಸ್ಸಿಗೆ ಬಂದರೆ ಮುಂದೆ ಯಾವ ರಾಜ್ಯೋತ್ಸವದ ಭಾಷಣವೂ ಅದನ್ನು ತೆಗೆಯಲಾರದು. ಕನ್ನಡ ಕಲಿಕೆಯ ವರ್ಗಗಳನ್ನು ನಡೆಸಬಾರದೆಂದು ನಾವು ಹೇಳುತ್ತಿಲ್ಲ, ನಡೆಯಲಿ. ಆದರೆ ವಾರಕ್ಕೊಮ್ಮೆಯ ಅಕ್ಷರಾಭ್ಯಾಸಕ್ಕಿಂತ, ಮರುದಿನದ ಇಂಗ್ಲಿಷ್ ಪದ್ಯವನ್ನು ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಕನ್ನಡದಲ್ಲಿ ವಾದಿಸುವುದು ಹೆಚ್ಚು ದೂರ ಹೋಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ತಂದೆತಾಯಿಗೆ ಇಂಗ್ಲಿಷ್ ಪಾಂಡಿತ್ಯ ಬೇಕಿಲ್ಲ. ಮಗುವೇ ಓದಿ ಹೇಳಲಿ, ತಿಳಿಯದ ಶಬ್ದವನ್ನು ನಿಘಂಟಿನಲ್ಲಿ ಅದೇ ನೋಡಲಿ. ದೊಡ್ಡವರು ಪ್ರಶ್ನೆ ಕೇಳಿದರೆ ಸಾಕು.

ಪ್ರಯೋಗ ಮಾಡಿ ನೋಡುವವರಿಗೆ ಕ್ಯಾಂಬೆಲ್‌ನ ಪದ್ಯವೇ ಒಳ್ಳೆಯದು. ಮಗು ಇಂಗ್ಲಿಷನ್ನು ಓದಲಿ, ಅಮ್ಮನೋ ಅಜ್ಜಿಯೋ ಶ್ರೀಯವರ ಕನ್ನಡವನ್ನು ಹೇಳಲಿ. ಪನವೇಲ್ ಖಾಡಿಯಲ್ಲಿ ಮಳೆಗಾಲದ ನೀರನ್ನು ಕಂಡ ಮಕ್ಕಳಿಗೆ ಬಿರುಗಾಳಿಯನ್ನು ವಿವರಿಸಬೇಕಾಗಿಲ್ಲ. ಆಮೇಲೆ ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ದೋಣಿಯವನು ಅಷ್ಟು ಗಾಳಿಯಲ್ಲಿ ಏಕೆ ಹೊರಟ? ಹುಡುಗಿಗೆ ನೀರಿಗಿಂತ ತಂದೆಯ ಕೋಪವೇ ಹೆಚ್ಚಿನ ಭಯವಾದುದು ಏಕೆ? ಹೆಗ್ಗಡೆ ದಡದಲ್ಲಿ ನಿಂತು ಕ್ಷಮಿಸಿದೆ ಎಂದನಲ್ಲ, ದೋಣಿ ಮುಳುಗದೆ ಆಚೆಯ ದಡ ಮುಟ್ಟಿದ್ದರೆ ಆ ಮಾತು ಅವನ ಬಾಯಲ್ಲಿ ಬರುತ್ತಿತ್ತೆ? ಬರುತ್ತಿತ್ತು ಎನ್ನುವವರು ಒಂದು ಕಡೆ ಕುಳಿತುಕೊಳ್ಳಲಿ, ಬರುತ್ತಿರಲಿಲ್ಲ ಎನ್ನುವವರು ಇನ್ನೊಂದು ಕಡೆ. ಅಜ್ಜಿ ಯಾವ ಕಡೆಗೆ ಸೇರುತ್ತಾಳೆಂದು ಮೊದಲೇ ಹೇಳಲು ನಮ್ಮಿಂದಾಗದು.